ಮೆರವಣಿಗೆಯ ಫೋಟೋ, ಬರ್ನಿಸಳ ಡಬ್ಬಿ

ಬರ್ನಿಸ್ ತನ್ನ ಊಟವನ್ನು ತಾನೇ ಡಬ್ಬಿಯಲ್ಲಿ ಹೊತ್ತು ತರುವುದು ಆ ಮನೆಯಲ್ಲಿ ಯಾರಿಗೂ ಹೊಸದಲ್ಲ. ಅಣ್ಣನ ಮಗಳು ರೊಕ್ಸಾನ್ ಹುಟ್ಟುವ ಮೊದಲಿನಿಂದ ನಡೆದುಬಂದ ಪದ್ಧತಿ ಅದು. ಅಣ್ಣನ ಮನೆಗೆ ಬರುತ್ತಾಳೆ, ಅಣ್ಣನ ಮೇಜಿಗೇ ಕೂರುತ್ತಾಳೆ, ಅತ್ತಿಗೆ ಲೊರೇನ್ ಮುಂದಿಟ್ಟ ತಟ್ಟೆಯನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಲೊರೇನ್ ಕೂಡ ತಟ್ಟೆ ಇಡುವುದನ್ನು ಒಂದು ಸಲವೂ ಬಿಟ್ಟವಳಲ್ಲ. ಇಟ್ಟದ್ದು ಸರಿಯುತ್ತದೆ, ಊಟ ಮುಗಿದ ಮೇಲೆ ಇಟ್ಟ ಹಾಗೇ ಕಪಾಟಿಗೆ ಹೋಗುತ್ತದೆ.

ಈಸ್ಟರ್ ಹಬ್ಬದ ಮುಂಚಿನ ಉಪವಾಸದ ವಾರಗಳು ಶುರುವಾಗಿದ್ದವು. ಮೊದಲ ಶುಕ್ರವಾರ ಬರ್ನಿಸ್ ಬಂದಾಗ ಅವಳ ಕಂಕುಳಲ್ಲಿ ಡಬ್ಬಿಯ ಜೊತೆಗೆ ಒಂದು ದೊಡ್ಡ ಲಕೋಟೆಯೂ ಇತ್ತು. ಅಮೆರಿಕದ ಮಿಲ್ವಾಕೀ ಪಟ್ಟಣದ ದಕ್ಷಿಣ ಭಾಗದ ಪೋಲಿಷ್ ಮನೆಗಳಲ್ಲೆಲ್ಲ ಆ ಹೊತ್ತಿಗೆ ಒಂದೇ ವಾಸನೆ: ಕರಿದ ಮೀನು, ಆಲೂಗಡ್ಡೆಯ ದೋಸೆ, ಈರುಳ್ಳಿ. ಅಣ್ಣ ಎಡ್ಮಂಡ್ ಮೀನಿನ ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದ. ಬರ್ನಿಸ್ ಲಕೋಟೆಯಿಂದ ಒಂದು ಫೋಟೋ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು. ಪಟ್ಟಣದ ಹಳೆಯ ಪತ್ರಿಕೆಯೊಂದು ತನ್ನ ಕಚೇರಿ ಖಾಲಿ ಮಾಡುವಾಗ ಡ್ರಾಯರುಗಟ್ಟಲೆ ಫೋಟೋಗಳನ್ನು ಮಾರಿತ್ತಂತೆ. ಹಳೇ ಸಾಮಾನಿನ ಅಂಗಡಿಯಲ್ಲಿ ಅವನ್ನು ರಾಶಿ ಹಾಕಿಕೊಂಡು ಕೂತಿದ್ದರಂತೆ.

"ನೋಡು ಎಡ್ಡಿ. ಇದ್ಯಾರು ಹೇಳು."

ಕಪ್ಪು ಬಿಳುಪಿನ ದೊಡ್ಡ ಫೋಟೋ. ಅಂಚುಗಳಲ್ಲಿ ಕೆಂಪು ಪೆನ್ಸಿಲಿನ ಗೀಟು. ಹಿಂದೆ ೧೯೭೦ರ ಮೇ ತಿಂಗಳ ಮುದ್ರೆ, ಅದರ ಕೆಳಗೆ 'ಯುದ್ಧ ವಿರೋಧಿ ಮೆರವಣಿಗೆ, ನ್ಯಾಯಾಲಯದ ಮುಂದೆ' ಎಂದು ಟೈಪು ಹೊಡೆದ ಒಂದು ಸಾಲು. ಮುಂದೆ ಜನವೋ ಜನ. ಫಲಕಗಳು, ಗಡ್ಡಗಳು, ಒಬ್ಬ ಪಾದ್ರಿ. ನಡುವೆ ಕೈ ಮೇಲೆತ್ತಿಕೊಂಡು ಬರುತ್ತಿರುವ ತೆಳ್ಳನೆಯ ಹುಡುಗಿ ಲೊರೇನ್. ಅವಳ ಭುಜದ ಮೇಲೆ, ಎತ್ತಿದ ಕೈಯ ಪಕ್ಕದಲ್ಲೇ, ಚೌಕಟ್ಟು ಹಾಕಿದ ಒಂದು ಭಾವಚಿತ್ರ. ಅದರಲ್ಲಿ ಸೈನ್ಯದ ಟೋಪಿ ಹಾಕಿದ ಒಬ್ಬ ಹುಡುಗ.

ಎಡ್ಮಂಡ್ ಕನ್ನಡಕ ಹುಡುಕಿ ಹಾಕಿಕೊಂಡ. ಹಾಕಿಕೊಂಡ ಮೇಲೆ ನಿಂಬೆಯ ಹೋಳು ಅವನ ಕೈಯಲ್ಲೇ ಉಳಿಯಿತು.

ಆ ಹುಡುಗ ಅವನ ತಮ್ಮ ನಾರ್ಬರ್ಟ್. ವಿಯೆಟ್ನಾಮಿಗೆ ಹೋದವನು ಮುಚ್ಚಿದ ಪೆಟ್ಟಿಗೆಯಲ್ಲಿ ಬಂದ. ಸಮವಸ್ತ್ರದಲ್ಲಿದ್ದ ಅವನ ಒಂದೇ ಒಂದು ಭಾವಚಿತ್ರ ಊಟದ ಕೋಣೆಯ ಡ್ರೆಸ್ಸರಿನ ಮೇಲಿತ್ತು. ಮರುವರ್ಷದ ವಸಂತದಲ್ಲಿ ಒಂದು ದಿನ ಅದು ಕಾಣೆಯಾಯಿತು. ಅದೇ ದಿನ ಪಟ್ಟಣದಲ್ಲಿ ಮೆರವಣಿಗೆ ಇತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ಲೊರೇನ್ ಯುದ್ಧದ ಬಗ್ಗೆ ಬಾಯಿಗೆ ಬಂದದ್ದು ಆಡುವವಳು ಎಂದು ಎಲ್ಲರಿಗೂ ಗೊತ್ತಿತ್ತು. ಮಾವ ವಾಲ್ಟರ್ ನಿವೃತ್ತ ಸೈನಿಕರ ಸಂಘದ ಮುಖಂಡ. ಅವನು ಸೊಸೆಯ ಮುಖವನ್ನು ಆಮೇಲೆ ಸಾಯುವವರೆಗೂ ನೋಡಲಿಲ್ಲ. ಬರ್ನಿಸ್ ಡಬ್ಬಿ ಹಿಡಿದಳು. ಎಡ್ಮಂಡ್ ಒಬ್ಬನೇ ಹೆಂಡತಿಯ ಮಾತು ನಂಬಿದ. ಅವಳು ಹೋಗಿಲ್ಲ, ತೆಗೆದುಕೊಂಡೂ ಹೋಗಿಲ್ಲ ಎಂದು ಅಪ್ಪನ ಎದುರು ಮೇಜು ಕುಟ್ಟಿ ಹೇಳಿದ್ದ. ಆ ಕಥೆಯನ್ನು ರೊಕ್ಸಾನ್ ಚಿಕ್ಕಂದಿನಿಂದ ಕೇಳಿದ್ದಳು. ಅಪ್ಪ ತನ್ನ ಬಗ್ಗೆ ತಾನು ಹೆಮ್ಮೆಪಡುತ್ತಿದ್ದ ಸಂಗತಿಗಳು ಬಹಳ ಇರಲಿಲ್ಲ. ಇದು ಅವುಗಳಲ್ಲೊಂದು.

"ಅವತ್ತು ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದೆ ಅಂದಿದ್ದೆ," ಎಂದ ಎಡ್ಮಂಡ್.

"ಅಂದಿದ್ದೆ," ಎಂದಳು ಲೊರೇನ್.

"ಹೋಗಿದ್ಯಾ?"

"ಇಲ್ಲ."

"ನಾರ್ಬರ್ಟನ ಫೋಟೋ ನೀನು ತೊಗೊಂಡೋದ್ಯಾ?"

"ಇಲ್ಲ."

ಬರ್ನಿಸ್ ಮೂಗಿನಲ್ಲೇ ನಕ್ಕಳು. "ಹಂಗಾದ್ರೆ ಅದೇ ಹಾರ್ಕೊಂಡು ಬಂದು ನಿನ್ನ ಭುಜದ ಮೇಲೆ ಕೂತ್ಕೊಂಡಿರ್ಬೇಕು, ಪಾರಿವಾಳದ ಥರ."

ಲೊರೇನ್ ಎದ್ದು ಬಾಣಲೆಯಲ್ಲಿದ್ದ ಮೀನು ಮಗುಚಲು ಹೋದಳು. ಮೀನು ಆಗಲೇ ಸೀದಿತ್ತು.

ಅವತ್ತೇ ಎಡ್ಮಂಡ್ ತನ್ನ ದಿಂಬು ಎತ್ತಿಕೊಂಡು ನೆಲಮಾಳಿಗೆಗೆ ಇಳಿದ. ಆ ಬೀದಿಯ ಎಲ್ಲ ಮನೆಗಳ ಹಾಗೆ ಅಲ್ಲಿಯೂ ಕೆಳಗೊಂದು ಅಡುಗೆಮನೆ ಇತ್ತು. ಒಲೆ, ಒಂದು ತೊಟ್ಟಿ, ಸಾಸೇಜು ನೇತುಹಾಕುವ ಕೊಕ್ಕೆಗಳು. ಇಳಿಯುವ ಮೊದಲು ಫೋಟೋವನ್ನು ಡ್ರೆಸ್ಸರಿನ ಮೇಲೆ, ಹಿಂದೆ ತಮ್ಮನ ಭಾವಚಿತ್ರವಿದ್ದ ಜಾಗದಲ್ಲೇ, ಗೋಡೆಗೆ ಒರಗಿಸಿ ನಿಲ್ಲಿಸಿದ. ಅದನ್ನು ಯಾರೂ ಅಲುಗಿಸಕೂಡದು ಎಂದ.

ಮೇಲಿನ ಮಹಡಿಯಲ್ಲಿ ರೊಕ್ಸಾನಳ ಸಂಸಾರ. ಸಂಸಾರವೆಂದರೆ ಅವಳು ಮತ್ತು ಹದಿನಾರರ ಮಗಳು ಬ್ರಿಯಾನಾ. ಗಂಡನನ್ನು ಬಿಟ್ಟು ಬಂದು ಆರು ವರ್ಷವಾಗಿತ್ತು. ಬೆಳಗಾಗುವ ಮೊದಲೇ ಎದ್ದು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳ ಊಟ ಬೇಯಿಸಿ, ಮಧ್ಯಾಹ್ನ ಬಂದು ಇಲ್ಲಿ ಇನ್ನೊಂದು ಸುತ್ತು ಪಾತ್ರೆ ತೊಳೆಯುವ ಜೀವ ಅದು. ಈಗ ಒಂದೇ ಮನೆಯಲ್ಲಿ ಮೂರು ಒಲೆ ಹೊತ್ತಿದವು. ಎಡ್ಮಂಡ್ ಕೆಳಗೆ ಡಬ್ಬದ ಮೀನು ತೆರೆದು ತಿನ್ನುತ್ತಿದ್ದ. ಲೊರೇನ್ ಎಂದಿನಂತೆ ಇಬ್ಬರಿಗಾಗುವಷ್ಟು ಸೂಪು ಮಾಡಿ, ಅವನ ಪಾಲನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದಳು. ಸಂಜೆ ಅದು ತಣ್ಣಗಾಗಿ ಅಲ್ಲೇ ಇರುತ್ತಿತ್ತು. ಒಗೆದು ಮಡಿಸಿಟ್ಟ ಅಂಗಿಗಳನ್ನು ಮಾತ್ರ ಅವನು ತೆಗೆದುಕೊಳ್ಳುತ್ತಿದ್ದ.

"ಅಂಗಿ ಪರವಾಗಿಲ್ಲ, ಸೂಪ್ ಆಗಲ್ವಾ ಅಜ್ಜಂಗೆ?" ಎಂದು ಬ್ರಿಯಾನಾ ಕೇಳಿದ್ದಕ್ಕೆ ರೊಕ್ಸಾನ್ ಗದರಿದಳು. ಹುಡುಗಿ ಸುಮ್ಮನಾಗಲಿಲ್ಲ. "ಹೋಗಿದ್ರೆ ಏನಾಯ್ತಮ್ಮ? ನಾನಾಗಿದ್ರೂ ಹೋಗ್ತಿದ್ದೆ. ಅಜ್ಜಿ ಎಷ್ಟು ಚೆನ್ನಾಗಿ ಕಾಣ್ತಾಳೆ ಅದ್ರಲ್ಲಿ."

ಹೋದದ್ದು ದೊಡ್ಡದಲ್ಲ. ಅದನ್ನು ರೊಕ್ಸಾನ್ ಕೆಳಗೆ ಹೋಗಿ ಅಪ್ಪನಿಗೂ ಹೇಳಿ ನೋಡಿದಳು. ಅವನಿಗೆ ಆ ಮಾತು ಬೇಕಿರಲಿಲ್ಲ. ಒಂದು ಸುಳ್ಳು ಸಿಕ್ಕಿತಲ್ಲ, ಅದರ ಹಿಂದೆ ಇನ್ನೆಷ್ಟಿವೆ ಎಂದು ಕೆದಕುತ್ತಾ ಕೂತಿದ್ದ. ಬುಧವಾರ ಬಿಂಗೋ ಆಡಲು ಹೋಗುತ್ತೇನೆ ಅನ್ನುತ್ತಾಳಲ್ಲ, ನಿಜವಾಗಿ ಹೋಗುತ್ತಾಳೋ ಎಂದು ಎದುರುಮನೆಯವಳನ್ನು ವಿಚಾರಿಸಿದ. ಮದುವೆಗೆ ಮುಂಚೆ ಅವಳು ಕೆಲಸ ಮಾಡಿದ ಬೂಟಿನ ಅಂಗಡಿಯ ಮಾಲೀಕನ ಹೆಸರು ನೆನಪಿದೆಯೇ ಎಂದು ಬರ್ನಿಸಳಿಗೆ ಫೋನು ಮಾಡಿದ.

"ಅವಳ ಹಿಂದೆ ಗಡ್ಡದವನೊಬ್ಬ ಇದಾನಲ್ಲ, ಯಾರವನು?"

"ಅಪ್ಪಾ, ಆ ಫೋಟೋದಲ್ಲಿ ಗಡ್ಡ ಇಲ್ದೋರೇ ಕಡಿಮೆ."

"ನಗ್ಬೇಡ. ನಮ್ಮಪ್ಪ ಸಾಯೋವಾಗ ಕೇಳಿದ್ರು ನನ್ನ. ಈಗ್ಲಾದ್ರೂ ಹೇಳು ಎಡ್ಡಿ, ಅವಳೇ ಅಲ್ವಾ ಅಂದ್ರು. ಅಲ್ಲ ಅಂದೆ. ಸಾಯೋ ಮನುಷ್ಯನ ಹತ್ರ ಅಲ್ಲ ಅಂದೆ ನಾನು."

ಹಬ್ಬದೂಟ ಮುಗಿದ ಕೂಡಲೇ ತಾನು ಬರ್ನಿಸಳ ಮನೆಗೆ ಹೋಗಿಬಿಡುತ್ತೇನೆ, ಈ ಮನೆಯನ್ನು ಮಾರಿ ಲೊರೇನಳ ಪಾಲು ಅವಳಿಗೆ ಕೊಡುತ್ತೇನೆ ಎಂದ. ಮಾತು ತಣ್ಣಗಿತ್ತು. ಕೂಗಾಡಿದ್ದರೆ ರೊಕ್ಸಾನ್ ಇಷ್ಟು ಹೆದರುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ, ಮಗಳನ್ನು ಕಟ್ಟಿಕೊಂಡು ತಾನು ಯಾವ ಬೀದಿಯಲ್ಲಿ ಬಾಡಿಗೆ ಮನೆ ಹುಡುಕಲಿ ಎಂಬ ಯೋಚನೆ ಮೊದಲು ಬಂತು. ಅಮ್ಮನ ಗತಿಯೇನು ಎಂಬುದು ಆಮೇಲೆ ಬಂತು. ಅದಕ್ಕೆ ಅವಳಿಗೆ ನಾಚಿಕೆಯಾಯಿತು.

ಅಮ್ಮನನ್ನೂ ಕೇಳಿದಳು. ಲೊರೇನ್ ಆಲೂಗಡ್ಡೆ ಸುಲಿಯುತ್ತಿದ್ದಳು.

"ತೊಗೊಂಡೋಗಿದ್ರೆ ತೊಗೊಂಡೋದೆ ಅಂತ ಹೇಳ್ಬಿಡಮ್ಮ. ನಲವತ್ತು ವರ್ಷ ಆಯ್ತು. ಒಂದು ಸಾರಿ ತಪ್ಪಾಯ್ತು ಅಂದ್ರೆ ಅಪ್ಪನ ಸಿಟ್ಟು ಇಳಿಯತ್ತೆ."

"ತೊಗೊಂಡೋಗಿಲ್ಲ."

"ಹಂಗಾದ್ರೆ ಯಾರು?"

ಲೊರೇನಳ ಚಾಕು ಒಂದು ಕ್ಷಣ ನಿಂತು ಮತ್ತೆ ಓಡಿತು. "ಕೇಳ್ಬೇಡ. ಸಿಪ್ಪೆ ತೆಗೆದು ಹೊರಗೆ ಹಾಕು."

ಆ ಒಂದು ಕ್ಷಣ ರೊಕ್ಸಾನಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅಮ್ಮ ಯಾರನ್ನೋ ಮುಚ್ಚಿಡುತ್ತಿದ್ದಾಳೆ. ಪಾತ್ರೆ ತೊಳೆಯುವಾಗ, ಅಂಗಡಿಗೆ ಹೋಗುವಾಗ ಅವಳೂ ಫೋಟೋದ ಆ ಗಡ್ಡದವನನ್ನು ಕದ್ದು ನೋಡತೊಡಗಿದಳು. ಅಪ್ಪನ ಕಾಯಿಲೆ ಮಹಡಿ ಹತ್ತಿ ತನಗೂ ಅಂಟಿದೆ ಎಂದು ಗೊತ್ತಿದ್ದರೂ ನೋಡುವುದನ್ನು ಬಿಡಲಾಗಲಿಲ್ಲ. ಶನಿವಾರ ಶನಿವಾರ ಮನೆಯ ಧೂಳೆಲ್ಲ ಒರೆಸುವ ಲೊರೇನ್, ಡ್ರೆಸ್ಸರಿನ ಆ ಒಂದು ಗೇಣು ಜಾಗವನ್ನು ಮಾತ್ರ ಬಟ್ಟೆ ತಾಗಿಸದೆ ಬಿಡುತ್ತಿದ್ದುದನ್ನೂ ಗಮನಿಸಿದಳು.

ಹಬ್ಬದ ಹಿಂದಿನ ದಿನ ಬುಟ್ಟಿ ತುಂಬಿಸುವ ಕೆಲಸ. ಬಣ್ಣ ಹಾಕಿದ ಮೊಟ್ಟೆ, ಸಾಸೇಜು, ಕುರಿಮರಿಯ ಆಕಾರದ ಬೆಣ್ಣೆ, ಬ್ರೆಡ್ಡು, ಕಾಗದದಲ್ಲಿ ಕಟ್ಟಿದ ಉಪ್ಪು. ಲೊರೇನ್ ಮೊಮ್ಮಗಳನ್ನು ಕರೆದುಕೊಂಡು ಬುಟ್ಟಿಗೆ ಪಾದ್ರಿಯ ಕೈಯಲ್ಲಿ ಆಶೀರ್ವಾದದ ನೀರು ಚಿಮುಕಿಸಿಕೊಂಡು ಬರಲು ಚರ್ಚಿಗೆ ಹೋದಳು. ರೊಕ್ಸಾನ್ ಊಟದ ಮೇಜಿನ ಬಳಿ ನಿಂತು ಬೀಟ್ರೂಟ್ ತುರಿಯುತ್ತಿದ್ದಳು. ಬೆಂದ ಗೆಡ್ಡೆ ಕೈಯಿಂದ ಜಾರಿ ಬಟ್ಟಲಿಗೆ ಬಿದ್ದದ್ದೇ, ಕೆಂಪು ರಸ ಡ್ರೆಸ್ಸರಿನವರೆಗೂ ಚಿಮ್ಮಿತು. ಫೋಟೋದ ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ನಾಲ್ಕು ಹನಿ.

ಅಮ್ಮನ ಪರವಾಗಿ ಬೇಕೆಂದೇ ಕೆಡಿಸಿದಳು ಅನ್ನುತ್ತಾನೆ ಅಪ್ಪ. ಒದ್ದೆ ಬಟ್ಟೆ ತಂದು ಮೆಲ್ಲಗೆ ಒತ್ತಿದಳು. ಕೆಂಪು ಹೋಯಿತು. ಬಟ್ಟೆಯಲ್ಲಿ ಕೆಂಪಿನ ಜೊತೆ ಬೂದಿ ಬಣ್ಣವೂ ಬಂದಿತ್ತು. ಲೊರೇನಳ ಪಕ್ಕದಲ್ಲಿ ಮಂಜಿನ ಹಾಗೋ ಗೋಡೆಯ ಹಾಗೋ ಇದ್ದ ಬೂದಿ ಜಾಗ ಕರಗಿ, ಅದರಡಿಯಿಂದ ಚುಕ್ಕೆ ಚುಕ್ಕೆಯ ಬಟ್ಟೆಯ ತುದಿಯೊಂದು ಇಣುಕುತ್ತಿತ್ತು.

ಆ ಕಾಲದ ಪತ್ರಿಕೆ ಕಚೇರಿಗಳಲ್ಲಿ ಈ ಕೆಲಸಕ್ಕೇ ಒಬ್ಬ ಕಲಾವಿದ ಇರುತ್ತಿದ್ದ. ಫೋಟೋ ಅಚ್ಚಿಗೆ ಹೋಗುವ ಮೊದಲು ಬೇಡದ ತಲೆ, ಅಲುಗಿ ಮಸುಕಾದ ಮುಖ, ಮುಂದಿದ್ದವರನ್ನು ಕಾಣಗೊಡದ ಗುಂಪು ಎಲ್ಲದರ ಮೇಲೂ ಕುಂಚದಲ್ಲಿ ಬೂದಿ ಬಣ್ಣ ಬಳಿದು ಬಿಡುತ್ತಿದ್ದ. ಚಂದದ ಹುಡುಗಿ ಒಬ್ಬಳು, ಅವಳ ಪಕ್ಕ ಸತ್ತ ಸೈನಿಕನ ಭಾವಚಿತ್ರ. ಅಷ್ಟಿದ್ದರೆ ಅವನಿಗೆ ಸಾಕು. ಅದನ್ನು ಹಿಡಿದವರು ಯಾರೆಂಬುದು ಬೇಕಿರಲಿಲ್ಲ. ಇಷ್ಟಾಗಿ ಆ ಫೋಟೋ ಅಚ್ಚಾಗಲೇ ಇಲ್ಲ, ಡ್ರಾಯರಿನಲ್ಲೇ ಉಳಿಯಿತು.

ರೊಕ್ಸಾನ್ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿಕೊಂಡಳು. ಗಲ್ಲದ ಕೆಳಗೆ ಗಂಟು ಹಾಕಿದ ತಲೆವಸ್ತ್ರ. ಒಂದು ಕೆನ್ನೆ. ಮೂಗಿನ ಪಕ್ಕ ಮಚ್ಚೆ. ಚೌಕಟ್ಟನ್ನು ಹಿಡಿದಿದ್ದು ಲೊರೇನಳ ಕೈಯಲ್ಲ, ಕೈಗವಸು ಹಾಕಿದ ಇನ್ನೊಂದು ದಪ್ಪ ಕೈ.

ಬೂಶಾ, ಎಂದರೆ ಅಜ್ಜಿ. ಅಪ್ಪನ ಅಮ್ಮ ಸ್ಟೆಫಾನಿಯಾ. ಅವಳು ಸತ್ತಾಗ ರೊಕ್ಸಾನಳಿಗೆ ಒಂಬತ್ತು ವರ್ಷ. ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಮಕ್ಕಳ ಮುಖ ಉಜ್ಜುತ್ತಿದ್ದ ಬೂಶಾ. ಮುಂದಿನ ಹಲ್ಲು ಇಲ್ಲದ ಕಾರಣ ನಗುವಾಗಲೂ ಕೈ ಅಡ್ಡ ಹಿಡಿಯುತ್ತಿದ್ದವಳು, ಮನೆಯಲ್ಲಿ ಎತ್ತರದ ದನಿಯಲ್ಲಿ ಮಾತಾಡದವಳು. ಇಲ್ಲಿ ಬಾಯಿ ಇಷ್ಟಗಲ ತೆರೆದು ಏನನ್ನೋ ಕೂಗುತ್ತಿದ್ದಳು.

"ಅಷ್ಟಕ್ಕೇ ನಿಲ್ಸು," ಎಂದಳು ಲೊರೇನ್. ಅವಳು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಬ್ರಿಯಾನಾ.

"ನಿಂಗೆ ಗೊತ್ತಿತ್ತು."

"ಪಕ್ಕದಲ್ಲೇ ಇದ್ದೆನಲ್ಲ, ಗೊತ್ತಿಲ್ದೆ ಇರುತ್ತಾ? ಬಟ್ಟೆ ಕೊಡಿಲ್ಲಿ."

ರೊಕ್ಸಾನ್ ಕೊಡಲಿಲ್ಲ. ಲೊರೇನ್ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಕೋಟು ಕೂಡ ಬಿಚ್ಚದೆ ಕೂತು, ತಡೆದು ತಡೆದು ಹೇಳಿದಳು. ಅವತ್ತು ಬೆಳಿಗ್ಗೆ ಅತ್ತೆಯೇ ಭಾವಚಿತ್ರವನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದು, ಬಸ್ಸು ಯಾವುದೆಂದು ತೋರಿಸು ಎಂದಿದ್ದಳು. ಮಗನನ್ನು ಕಳೆದುಕೊಂಡ ತಾಯಂದಿರೆಲ್ಲ ಫೋಟೋಗಳನ್ನು ನ್ಯಾಯಾಲಯದ ಮೆಟ್ಟಿಲ ಮೇಲೆ ಇಡುತ್ತಾರಂತೆ, ಆಮೇಲೆ ವಾಪಸು ತೆಗೆದುಕೊಳ್ಳಬಹುದಂತೆ ಎಂದು ಯಾರೋ ಹೇಳಿದ್ದರು. ಇಟ್ಟರು. ಅಷ್ಟರಲ್ಲಿ ನೂಕುನುಗ್ಗಲು, ಪೊಲೀಸರು, ಓಟ. ಸಂಜೆ ಇಬ್ಬರೂ ತಿರುಗಿ ಹೋದಾಗ ಮೆಟ್ಟಿಲುಗಳನ್ನು ಗುಡಿಸಿ ನೀರು ಹಾಕಿ ತೊಳೆದಿದ್ದರು. ಸ್ಟೆಫಾನಿಯಾ ಕತ್ತಲಾಗುವವರೆಗೆ ಕಸದ ಡ್ರಮ್ಮುಗಳಲ್ಲಿ ಕೈ ಹಾಕಿ ಹುಡುಕಿದಳು. ಬಸ್ಸಿನಲ್ಲಿ ಸೊಸೆಯ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದು ಆಣೆ ಹಾಕಿಸಿಕೊಂಡಳು.

"ಆಣೆ ಏನಂತ?" ಎಂದಳು ಬ್ರಿಯಾನಾ.

"ಈ ಮನೆಯಿಂದ ಯಾರೂ ಅಲ್ಲಿಗೆ ಹೋಗಿರ್ಲಿಲ್ಲ ಅಂತ."

"ನೀನು ಹೋಗಿದ್ದೆ ಅಂತಾದ್ರೂ ಹೇಳ್ಬಹುದಿತ್ತಲ್ಲ ಅಜ್ಜಿ."

"ಹೋಗಿದ್ದೆ ಅಂದ್ರೆ, ಜೊತೆಗೆ ಯಾರಿದ್ರು ಅಂತ ಕೇಳ್ತಿದ್ರು. ಮುಖ ನೋಡಿ ಸುಳ್ಳು ಹೇಳೋದು ನಂಗೆ ಒಂದು ಸಲ ಆಗತ್ತೆ. ಎರಡ್ನೇ ಸಲ ಆಗಲ್ಲ."

ನೆಲಮಾಳಿಗೆಯ ಮೆಟ್ಟಿಲಿನ ಬಾಗಿಲು ಕಿರುಗುಟ್ಟಿತು. ಎಡ್ಮಂಡ್ ವಿನೆಗರ್ ಬಾಟಲಿಗೆಂದು ಮೇಲೆ ಬಂದಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ರೊಕ್ಸಾನಳ ಕೈಯ ಬಟ್ಟೆ, ಅದರ ಮೇಲಿನ ಬೂದಿ, ಅರ್ಧ ಅಳಿಸಿದ ಫೋಟೋ, ಒಂದೊಂದನ್ನೇ ಅನುಮಾನದಿಂದ ನೋಡಿದ.

"ಏನ್ ಮಾಡಿದ್ರಿ ಅದಕ್ಕೆ?"

ಅವನು ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಹಣೆ ಮತ್ತು ಒಂದು ಕಣ್ಣು ಇನ್ನೂ ಬೂದಿಯಡಿ ಇದ್ದವು. ರೊಕ್ಸಾನ್ ಬಟ್ಟೆಯನ್ನು ಮುಂದೆ ಚಾಚಿದಳು. ಅವನು ನೋಡಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಆ ಕಣ್ಣಿನ ಮೇಲೆ ಮೆತ್ತಗೆ, ಸುತ್ತ ಸುತ್ತ ಉಜ್ಜಿದ. ಮತ್ತೆ ನಾಲಿಗೆಗೆ ಮುಟ್ಟಿಸಿದ, ಮತ್ತೆ ಉಜ್ಜಿದ.

ಮುಖ ಪೂರ್ತಿ ಹೊರಬಂದ ಮೇಲೆ ಅದನ್ನು ಡ್ರೆಸ್ಸರಿನ ಮೇಲೆ ಅದೇ ಜಾಗದಲ್ಲಿಟ್ಟು, ಲೊರೇನಳ ಎದುರು ಕುರ್ಚಿ ಎಳೆದುಕೊಂಡ. ತುಟಿಯ ಮೇಲೆ ಬೂದಿ ಬಣ್ಣ ಹತ್ತಿತ್ತು.

"ನಂಗಾದ್ರೂ ಹೇಳ್ಬೇಕಿತ್ತು ನೀನು."

"ಹೇಳಿದ್ರೆ ಅವತ್ತೇ ಮೇಜು ಕುಟ್ಟಿ ನಿಮ್ಮಪ್ಪಂಗೂ ಹೇಳಿರ್ತಿದ್ರಿ. ನಿಮ್ಮಮ್ಮ ಎಲ್ಲಿಗೆ ಹೋಗ್ತಿದ್ರು?"

ಅವನು ಸೂಪು ಇದೆಯಾ ಎಂದು ಕೇಳಿದ. ಬೆಳಗಿನದು ಮೆಟ್ಟಿಲ ಮೇಲೇ ಇದೆ, ತಣ್ಣಗಾಗಿದೆ ಎಂದಳು ಲೊರೇನ್. ಎದ್ದು ಬಿಸಿ ಮಾಡಿಕೊಡಲಿಲ್ಲ. ಎಡ್ಮಂಡ್ ತಾನೇ ಹೋಗಿ ಬಟ್ಟಲು ತಂದು ತಣ್ಣಗಿದ್ದದ್ದನ್ನೇ ಕುಡಿದ.

ಮರುದಿನ ಹಬ್ಬದೂಟಕ್ಕೆ ಬರ್ನಿಸ್ ಬಂದಳು. ಡಬ್ಬಿಯೂ ಬಂತು. ಅಣ್ಣ ಹೊರಡಲು ಗಂಟುಮೂಟೆ ಕಟ್ಟಿರುತ್ತಾನೆ ಎಂದು ಹಿಂದಿನ ಸೀಟು ಖಾಲಿ ಮಾಡಿಕೊಂಡು ಬಂದಿದ್ದಳಂತೆ. ಎಡ್ಮಂಡ್ ಮಾತಾಡದೆ ಫೋಟೋವನ್ನು ಅವಳ ಕೈಗೆ ಕೊಟ್ಟ.

ಅವಳು ಮೊದಲು ನೋಡಿದ್ದು ಬ್ರಿಯಾನಾಳನ್ನು. "ಕಂಪ್ಯೂಟರಲ್ಲಿ ಮಾಡಿದ್ಯಾ ಇದನ್ನ? ಈಗಿನ ಹುಡುಗ್ರು ಏನ್ ಬೇಕಾದ್ರೂ ಮಾಡ್ತಾರೆ." ಉಗುರಿನಿಂದ ಬೂಶಾಳ ಕೆನ್ನೆ ಕೆರೆದಳು. ಬರಲಿಲ್ಲ. ತಿರುಗಿಸಿ ಹಿಂದಿನ ಮುದ್ರೆ ನೋಡಿದಳು, ಮೂಸಿಯೂ ನೋಡಿದಳು. ಇದು ತಾನು ಕೊಟ್ಟ ಫೋಟೋ ಅಲ್ಲ, ಬದಲಾಯಿಸಿದ್ದಾರೆ ಎಂದಳು. ಮೂಲೆಯಲ್ಲಿ ಅಂಗಡಿಯವನು ಅಂಟಿಸಿದ್ದ ಚೀಟಿ ಹಾಗೇ ಇತ್ತು.

"ಅಮ್ಮ ಇಂಥ ಕಡೆ ಹೋಗೋಳೇ ಅಲ್ಲ ಎಡ್ಡಿ."

"ಇವಳ ಬಗ್ಗೆ ನಾನೂ ಹಂಗೇ ಹೇಳ್ತಿದ್ದೆ, ನಲವತ್ತು ವರ್ಷ."

ನಡೆದದ್ದನ್ನು ಅವನೇ ಹೇಳಿದ. ಅವಳು ನಿಂತೇ ಕೇಳಿದಳು. ಕಸದ ಡ್ರಮ್ಮಿನ ಮಾತು ಬಂದಾಗ ಮಾತ್ರ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಕೇಳಿ ಮುಗಿದ ಮೇಲೆ ಅವಳ ಮುಖ ಲೊರೇನಳ ಕಡೆ ತಿರುಗಿತು. ಪಶ್ಚಾತ್ತಾಪವಿರಬಹುದು ಎಂದು ರೊಕ್ಸಾನ್ ಎಣಿಸಿದ್ದಳು. ಅದಲ್ಲ. ಹೊಸದೊಂದು ಹೊಟ್ಟೆಯುರಿ.

"ನಾನು ಮಗಳು. ಪಕ್ಕದ ಕೋಣೇಲೇ ಮಲಗಿದ್ದೆ. ನನ್ನ ಎಬ್ಬಿಸ್ದೆ ನಿನ್ನ ಯಾಕೆ ಕರ್ಕೊಂಡೋದ್ಲು?"

ಲೊರೇನ್ ಆಶೀರ್ವಾದದ ಮೊಟ್ಟೆಯನ್ನು ಐದು ಚೂರಾಗಿ ಕತ್ತರಿಸುತ್ತಿದ್ದಳು. "ನೀನು ಅಪ್ಪನ ಮಗಳು ಅಂತ ಅವರಿಗೆ ಭಯ ಇತ್ತು, ಬರ್ನಿಸ್. ನಿನ್ನ ಕೇಳಿದ್ರೆ ಹೋಗ್ತಿದ್ಯಾ?"

ಲೊರೇನ್ ತಟ್ಟೆ ಚಾಚಿದಳು. ಹಬ್ಬದ ದಿನ ಎಲ್ಲರೂ ಒಂದೇ ಮೊಟ್ಟೆಯಿಂದ ಒಂದೊಂದು ಚೂರು ತಿನ್ನಬೇಕು. ಇಷ್ಟು ವರ್ಷ ಬರ್ನಿಸ್ ತನ್ನ ಚೂರನ್ನು ಅಣ್ಣನ ಕೈಯಿಂದ ಇಸಿದುಕೊಳ್ಳುತ್ತಿದ್ದಳು. ಇವತ್ತು ಯಾರ ಕೈಯಿಂದಲೂ ತೆಗೆದುಕೊಳ್ಳಲಿಲ್ಲ. ಕೋಟು ಹಾಕಿಕೊಂಡು, ಗುಂಡಿಗಳನ್ನು ತಪ್ಪು ತಪ್ಪಾಗಿ ಸಿಕ್ಕಿಸಿಕೊಂಡು ಹೊರಟುಹೋದಳು. ಕಾರು ಸ್ಟಾರ್ಟಾಗಲು ಬಹಳ ಹೊತ್ತು ಹಿಡಿಯಿತು.

ಡಬ್ಬಿ ಮೇಜಿನ ಮೇಲೇ ಉಳಿದಿತ್ತು.

ಎಲ್ಲರೂ ಅದನ್ನೇ ನೋಡಿದರು. ಕೊನೆಗೆ ಲೊರೇನ್ ಅದನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಳ ಬಿಚ್ಚಿದಳು. ವಿಷ ಹಾಕಿದ್ದಾರೋ ಎಂಬಂತೆ ಮೊದಲು ಮೂಸಿದಳು. ಆಲೂಗಡ್ಡೆ, ಉಪ್ಪಿನಕಾಯಿ ಸೌತೆ, ಸಬ್ಬಸಿಗೆ, ಕೊಚ್ಚಿದ ಸೇಬು. ಬೂಶಾ ಮಾಡುತ್ತಿದ್ದದ್ದೇ. ಲೊರೇನ್ ಕೂಡ ಇವತ್ತು ದೊಡ್ಡ ಬಟ್ಟಲಿನಲ್ಲಿ ಅದನ್ನೇ ಮಾಡಿಟ್ಟಿದ್ದಳು. ಅವಳು ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ ಅಗಿದಳು.

"ಉಪ್ಪು ಕಮ್ಮಿ," ಎಂದಳು.

ಎಡ್ಮಂಡ್ ತನ್ನ ಫೋರ್ಕನ್ನೂ ಡಬ್ಬಿಗೆ ಹಾಕಿದ. ಬ್ರಿಯಾನಾಳೂ ಹಾಕಿದಳು. ಖಾಲಿಯಾದದ್ದನ್ನು ರೊಕ್ಸಾನ್ ತೊಳೆದಿಡಲು ಎತ್ತಿಕೊಂಡಾಗ ಲೊರೇನ್ ತಡೆದಳು. ತಾನೇ ತೊಳೆದು, ಒರೆಸಿ, ಉಳಿದಿದ್ದ ಬರ್ನಿಸಳ ಪಾಲಿನ ಮೊಟ್ಟೆಯ ಚೂರನ್ನು ಅದರೊಳಗಿಟ್ಟಳು.

"ಅತ್ತೆ ತೊಗೊಂಡೋಗೋಕೆ ಬರ್ತಾರಾ?" ಎಂದಳು ರೊಕ್ಸಾನ್.

"ಬರ್ದೆ ಏನ್ಮಾಡ್ತಾಳೆ? ಇದಿಲ್ದೆ ಅವಳು ಯಾರ ಮನೆಗೆ ಊಟಕ್ಕೆ ಹೋಗ್ತಾಳೆ?"

ಮುಚ್ಚಳ ಹಾಕುವ ಮೊದಲು ಏನೋ ನೆನಪಾದವಳಂತೆ ಬುಟ್ಟಿಯಿಂದ ಕಾಗದದ ಪೊಟ್ಟಣ ತೆಗೆದು, ಮೊಟ್ಟೆಯ ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪು ಹಾಕಿದಳು.